ಬಾಗುವ ಬಂಗಾರ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಪೂರ್ವೇತಿಹಾಸವನ್ನು ಹೇಳುವವರು ಗುಡಿ, ಕೋಟೆ, ಶಾಸನಗಳನ್ನು ವರ್ಣಿಸಿ ಮುಗಿಸುವುದು ವಾಡಿಕೆ. ಮನೆಯ ಪೆಟ್ಟಿಗೆಯೊಳಗಿನ ಒಡವೆಗಳ ಮಾತು ಬರುವುದು ವಿರಳ. ಇದಕ್ಕೆ ಕಾರಣವು ಸ್ಪಷ್ಟವಾಗಿದೆ. ಕಲ್ಲು ನಿಂತಲ್ಲಿಯೇ ನಿಲ್ಲುವುದು. ಬಂಗಾರವಾದರೋ ತಲೆಮಾರಿಗೊಮ್ಮೆ ಕರಗಿ ಹೊಸ ರೂಪವನ್ನು ತಾಳುವುದು. ಇದರಿಂದ ಲೋಹಕ್ಕೆ ಹೆಚ್ಚಿನ ಹಾನಿಯಿಲ್ಲ, ಅಳಿದುಹೋಗುವುದು ಕೈಕೆಲಸ. ಅದರಲ್ಲಿಯೂ ಮೈಯ ಚಲನೆಗೆ ತಕ್ಕಂತೆ ಬಾಗುವ ರತ್ನಖಚಿತ ಒಡವೆಗಳ ಕೆಲಸವು ಒಮ್ಮೆ ಕೆಟ್ಟರೆ ಮರಳಿ ಕೂಡಿಬರುವುದು ಕಷ್ಟ.

ಹಾನಗಲ್ಲು ಹಿಂದೆ ಪಾನುಂಗಲ್ಲು ಐನೂರರ ಮುಖ್ಯ ಪಟ್ಟಣವಾಗಿದ್ದಿತು. ಕಲ್ಯಾಣದ ಚಾಲುಕ್ಯರ ಮಾಂಡಲಿಕರಾದ ಕದಂಬರು ಅಲ್ಲಿ ಆಳಿದರು. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ.ಶ. 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರತ್ನಪರೀಕ್ಷೆಗೂ ರಾಜಭೂಷಣಗಳಿಗೂ ಪ್ರತ್ಯೇಕವಾದ ಸ್ಥಾನವುಂಟು. ಆ ಕಾಲದ ಶಿಲ್ಪಗಳಲ್ಲಿ ಹಾರವು ಎದೆಯ ಉಬ್ಬನ್ನು ಅನುಸರಿಸಿ ಇಳಿಯುವುದು; ಮೇಖಲೆಯ ಸರಗಳು ತೊಡೆಯ ಮೇಲೆ ಜೋಲುವುವು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ತುಗೀಸ ಪ್ರವಾಸಿ ದೊಮಿಂಗೊ ಪಾಯಿಸನು, ಮಹಾನವಮಿಯ ಉತ್ಸವದಲ್ಲಿ ಸ್ತ್ರೀಯರ ರತ್ನದ ನಡುಕಟ್ಟುಗಳು ಒಂದರ ಕೆಳಗೊಂದಾಗಿ ಅರ್ಧ ತೊಡೆಯವರೆಗೂ ಇಳಿದಿದ್ದುವೆಂದು ಬರೆದಿದ್ದಾನೆ. ಬಿರುಸಾದ ತಗಡಿನಿಂದ ಇಂಥ ಒಡವೆಯು ಆಗಲಾರದು; ನಡೆಯುವವಳ ಹೆಜ್ಜೆಯನ್ನೇ ಅದು ತಡೆದೀತು.

ಬಾಗುವ ಗುಣವು ಒಡವೆಗೆ ಎಲ್ಲಿಂದ ಬರುವುದೆಂಬುದನ್ನು ಕನ್ನಡ ನಾಡಿನ ಜಡೆನಾಗರದಲ್ಲಿ ಚೆನ್ನಾಗಿ ಕಾಣಬಹುದು. ಮದುವಣಗಿತ್ತಿಯ ಹೆರಳಿನ ಮೇಲ್ಗಡೆ ನಾಗರ ಹೆಡೆ, ಅದರ ಕೆಳಗೆ ಕ್ರಮವಾಗಿ ಕಿರಿದಾಗುತ್ತ ಹೋಗುವ ಬಿಲ್ಲೆಗಳು, ತುದಿಯಲ್ಲಿ ಗೊಂಡೆ. ಒಂದು ಬಿಲ್ಲೆಯನ್ನು ಇನ್ನೊಂದಕ್ಕೆ ಕೂಡಿಸುವ ಕೊಂಡಿಗಳು ಹಿಂಬದಿಯಲ್ಲಿ ಅಡಗಿರುವುವು. ಕೊಂಡಿಯು ಬಿಗಿಯಾದರೆ ಜಡೆ ಬಾಗದು. ಸಡಿಲಾದರೆ ಬಿಲ್ಲೆಗಳು ಒಂದರ ಮೇಲೊಂದು ಹತ್ತುವುವು. ನೋಡುವವರ ಕಣ್ಣು ಕೆಂಪು ಪಚ್ಚೆಗಳ ಮೇಲೆ ನಿಲ್ಲುವುದಾದರೂ ಅಕ್ಕಸಾಲಿಗನ ಜಾಣ್ಮೆಯಿರುವುದು ಈ ಕಾಣದ ಸಂದಿನಲ್ಲಿ.

ಕೆಲಸದ ಕ್ರಮವೂ ವಿಚಾರಾರ್ಹವಾಗಿದೆ. ಬೆಸುಗೆಯ ಉರಿಗೆ ಹರಳು ಸೀಳುವ ಭಯವಿರುವುದರಿಂದ ಕೊಂಡಿಗಳ ಬೆಸುಗೆಯೆಲ್ಲ ಮೊದಲು ಮುಗಿಯಬೇಕು. ಬಳಿಕ ಹರಳಿನ ಮನೆಯಲ್ಲಿ ಅರಗನ್ನು ತುಂಬಿ, ಹೊಳಪಿಗಾಗಿ ತೆಳುವಾದ ತಗಡನ್ನಿರಿಸಿ, ಹರಳನ್ನು ಕೂಡಿಸಿ, ಅದರ ಸುತ್ತಲೂ ಅಪ್ಪಟ ಬಂಗಾರದ ಎಳೆಗಳನ್ನು ಒತ್ತುವರು. ಇದೇ ಕುಂದಣ. ಶುದ್ಧವಾದ ಬಂಗಾರವು ಉರಿಯಿಲ್ಲದೆಯೇ ಒತ್ತಡದಿಂದ ತನಗೆ ತಾನೇ ಅಂಟಿಕೊಳ್ಳುವುದು. ಹೀಗೆ ಕೂಡಿಸಿದ ಹರಳಿಗೆ ಕೂದಲನ್ನೂ ಸೀರೆಯ ಎಳೆಯನ್ನೂ ಹಿಡಿಯುವ ಮುಳ್ಳುಗಳಿಲ್ಲ.

ಧಾರವಾಡ ಸೀಮೆಯ ಬೋರಮಾಳದಲ್ಲಿ ಬಾಗುವಿಕೆಯು ಬೇರೊಂದು ಬಗೆಯಿಂದ ಬರುವುದು. ಬೋರೆಹಣ್ಣಿನಂಥ ಪೊಳ್ಳು ಗುಂಡುಗಳನ್ನು ಪತ್ತಾರನು ಮಾಡಿ ಕೊಟ್ಟರೆ, ಅವುಗಳನ್ನು ರೇಶಿಮೆಯ ದಾರದಲ್ಲಿ ಪೋಣಿಸಿ ಗೊಂಡೆ ಕಟ್ಟುವ ಕೆಲಸ ಪಟವೇಗಾರನದು. ದಾರವು ಸವೆದಾಗ ಮತ್ತೆ ಪೋಣಿಸಬಹುದು. ಹೆಣ್ಣುಮಕ್ಕಳಿಗೆ ಹಂಚುವಾಗ ಗುಂಡುಗಳನ್ನು ಎಣಿಸಿ ಕೊಡಬಹುದು. ಕಷ್ಟಕಾಲದಲ್ಲಿ ನಾಲ್ಕನ್ನು ಮಾರಿ ಉಳಿದುವನ್ನು ಕೊರಳಲ್ಲಿ ಉಳಿಸಿಕೊಳ್ಳಬಹುದು. ಒಡವೆಯೇ ಸ್ತ್ರೀಯ ಸ್ವಂತ ಧನವಾಗಿದ್ದ ಮನೆಗಳಲ್ಲಿ ಇದು ಸಣ್ಣ ಅನುಕೂಲವಾಗಿರಲಿಲ್ಲ.

ಬೆಸುಗೆಯ ಬಂಗಾರವು ಬೇಗ ಕರಗಬೇಕಾದುದರಿಂದ ಅದರಲ್ಲಿ ಬೆಳ್ಳಿ ತಾಮ್ರಗಳ ಬೆರಕೆ ಅವಶ್ಯ. ಸಂದು ಹೆಚ್ಚಾದಷ್ಟೂ ಬೆಸುಗೆ ಹೆಚ್ಚು. ಕರಗಿಸಿದಾಗ ಒರೆ ಕಡಿಮೆ. ಹಿರೇಕೆರೂರು ಸೀಮೆಯವನೆಂದು ಜನರು ನಂಬುವ ಸರ್ವಜ್ಞನ ಹೆಸರಿನ ತ್ರಿಪದಿಗಳಲ್ಲಿಯೂ ಅಕ್ಕಸಾಲೆಯು ಕುಟುಕನ್ನು ತಪ್ಪಿಸಿಕೊಂಡಿಲ್ಲ. ಆ ಶಂಕೆಯಲ್ಲಿ ಸ್ವಲ್ಪ ಪಾಲು ವಂಚನೆಗೆ ಸಂದರೆ, ಸ್ವಲ್ಪ ಪಾಲು ಕೆಲಸದ ಸ್ವಭಾವಕ್ಕೇ ಸಲ್ಲಬೇಕು.

ಈ ಕಲೆಗೆ ಪೆಟ್ಟು ಬಿದ್ದುದು ಹಲವು ಸಲ. 1876–78ರ ಬರಗಾಲವು ಧಾರವಾಡ ಜಿಲ್ಲೆಯನ್ನು ಬಿಡಲಿಲ್ಲ. ಆಗ ಮುಂಬಯಿ ಪ್ರಾಂತದ ರೈತರ ಬೆಳ್ಳಿಯ ಒಡವೆಗಳು ರಾಶಿರಾಶಿಯಾಗಿ ಟಂಕಸಾಲೆಯ ಮೂಸೆಗೆ ಬಿದ್ದುವು. 1963ರ ಜನವರಿಯಲ್ಲಿ ಭಾರತ ಸರಕಾರವು 14 ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧವಾದ ಹೊಸ ಆಭರಣಗಳನ್ನು ಮಾಡಬಾರದೆಂದು ವಿಧಿಸಿತು. ಅಪ್ಪಟ ಬಂಗಾರವಿಲ್ಲದೆ ಕುಂದಣವಿಲ್ಲ. ದೇಶದಲ್ಲೆಲ್ಲ ಅಸಂಖ್ಯ ಅಕ್ಕಸಾಲಿಗರು ಕಸುಬನ್ನು ಕಳೆದುಕೊಂಡರು. ಶುದ್ಧಿಯ ಕಟ್ಟಳೆಯು 1966ರಲ್ಲಿ ಸಡಿಲಿತು; 1968ರ ಸುವರ್ಣ ನಿಯಂತ್ರಣ ಕಾಯಿದೆಯು 1990ರಲ್ಲಿ ರದ್ದಾಯಿತು. ಆದರೆ ತಂದೆಯ ಕೈಯಿಂದ ಮಗನ ಕೈಗೆ ಬರಬೇಕಾದ ಹದವು ಕಾಯಿದೆಯೊಡನೆ ಮರಳಿ ಬರುವಂಥದಲ್ಲ.

ಹಳೆಯ ಒಡವೆಯನ್ನು ಅಂಗಡಿಗೆ ಕೊಟ್ಟರೆ ಅರಗನ್ನೂ ಹರಳನ್ನೂ ಕಳೆದು ಉಳಿದ ತೂಕಕ್ಕೆ ಬೆಲೆ ಕಟ್ಟುವರು, ಸಂದಿಗೆ ಬೆಲೆಯಿಲ್ಲ. ಆದುದರಿಂದ ಕರಗಿಸಲೇಬೇಕಾದ ಮನೆಯವರು ಅದಕ್ಕೆ ಮೊದಲು ಒಡವೆಯ ಮುಂಬದಿ ಹಿಂಬದಿಗಳ ಚಿತ್ರವನ್ನು ತೆಗೆಯಿಸಿ, ಬಿಲ್ಲೆಗಳ ಎಣಿಕೆ, ತೂಕ, ಕೊಂಡಿಯ ಬಗೆ, ಮಾಡಿದವನ ಊರು, ಮನೆಯ ಹಿರಿಯ ಹೆಣ್ಣುಮಕ್ಕಳು ಅದಕ್ಕೆ ಹೇಳುವ ಹೆಸರು ಇಷ್ಟನ್ನಾದರೂ ಬರೆದಿಡುವುದು ಯೋಗ್ಯ. ಇನ್ನೊಮ್ಮೆ ಮಾಡಬಲ್ಲ ಕೈ ಹುಟ್ಟಿದರೆ ಅದಕ್ಕೆ ಆ ಬರಹವೇ ಮೇಲ್ಪಂಕ್ತಿಯಾದೀತು.