ಪತಿ-ಪತ್ನಿ ವಲಸೆ ವೀಸಾ: ಕಾಯುವ ಸದಸ್ಯರಿಗೆ ಮಾಹಿತಿ

ಸಂಗಾತಿ ಅಮೆರಿಕದಲ್ಲಿ, ತಾವು ಉಮರಗಾ, ನಿಲಂಗಾ, ಉದಗೀರ ಅಥವಾ ಜಳಕೋಟದಲ್ಲಿ ವೀಸಾಕ್ಕೆ ಕಾಯುತ್ತಿರುವ ಸದಸ್ಯರಿಗಾಗಿ ಈ ಮಾಹಿತಿ ನೀಡುತ್ತಿದ್ದೇವೆ.

ಮೊದಲ ಹಂತ ಐ-130 ಅರ್ಜಿ. ಇದನ್ನು ಅಲ್ಲಿರುವ ಸಂಗಾತಿಯೇ ಅಮೆರಿಕದ ವಲಸೆ ಇಲಾಖೆಗೆ ಸಲ್ಲಿಸಬೇಕು. ಅವರು ಅಮೆರಿಕದ ಪ್ರಜೆಯಾಗಿದ್ದರೆ ಈ ವೀಸಾಗಳಿಗೆ ವಾರ್ಷಿಕ ಮಿತಿ ಇಲ್ಲ. ಗ್ರೀನ್ ಕಾರ್ಡ್ ಹೊಂದಿದವರಾದರೆ ಎಫ್2ಎ ವರ್ಗ. ಅರ್ಜಿ ಸಲ್ಲಿಸಿದ ದಿನಾಂಕದಂತೆ ಸರದಿ. ಪ್ರತಿ ತಿಂಗಳ ವೀಸಾ ಬುಲೆಟಿನ್‌ನಲ್ಲಿ ಅದನ್ನು ನೋಡಿಕೊಳ್ಳಬೇಕು. ಕಾಯುವಾಗಲೇ ಅವರು ಪ್ರಜೆಯಾದರೆ ಸರದಿ ತಪ್ಪುತ್ತದೆ. ಆದರೆ ಆಗ ಮಕ್ಕಳಿಗೆ ಒಬ್ಬೊಬ್ಬರಿಗೂ ಬೇರೆ ಐ-130 ಬೇಕು. ಇದನ್ನು ಮರೆತರೆ ತಾಯಿಗೆ ವೀಸಾ ಬಂದು ಮಗು ಇಲ್ಲೇ ಉಳಿಯುವ ಪ್ರಸಂಗ ಬರುತ್ತದೆ.

ಮಂಜೂರಾದ ಬಳಿಕ ಕಡತ ರಾಷ್ಟ್ರೀಯ ವೀಸಾ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಶುಲ್ಕ, ಡಿಎಸ್-260 ಅರ್ಜಿ, ಐ-864 ಆರ್ಥಿಕ ಹೊಣೆಪತ್ರ ಮತ್ತು ದಾಖಲೆಗಳನ್ನು ಸಲ್ಲಿಸಬೇಕು. ಸೂಚನೆ ಬಂದ ಮೇಲೂ ಒಂದು ವರ್ಷ ಸುಮ್ಮನಿದ್ದರೆ ಅರ್ಜಿ ರದ್ದಾಗಬಹುದು. ಸಂದರ್ಶನ ಮುಂಬಯಿಯ ಅಮೆರಿಕನ್ ಕಾನ್ಸುಲೇಟ್‌ನಲ್ಲಿ. ಅದಕ್ಕೂ ಮೊದಲು ವೈದ್ಯಕೀಯ ತಪಾಸಣೆ.

ನಮ್ಮ ಗಡಿಭಾಗದ ತೊಡಕು ಕಾಗದಪತ್ರಗಳದ್ದು. ಜನನ ದಾಖಲೆ ಮರಾಠಿಯಲ್ಲಿ, ಮದುವೆ ಬೀದರ ಕಡೆ ಆಗಿದ್ದರೆ ನೋಂದಣಿ ಕನ್ನಡದಲ್ಲಿ, ಹೆಸರಿನ ಕಾಗುಣಿತ ಎರಡು ಬಗೆ. ಕಾಯುವ ದಿನಗಳಲ್ಲೇ ಇವನ್ನು ಸರಿಪಡಿಸಿಕೊಳ್ಳಿ. ಇಂಗ್ಲಿಷ್ ಅನುವಾದದ ಜೊತೆ ಅನುವಾದಕರ ಸಹಿಯುಳ್ಳ ದೃಢೀಕರಣ ಇರಲಿ. ಪೊಲೀಸ್ ಕ್ಲಿಯರೆನ್ಸ್ ಪತ್ರವನ್ನು ಪಾಸ್‌ಪೋರ್ಟ್ ಕಚೇರಿಯಿಂದ ಪಡೆಯಬೇಕು.

ಅಮೆರಿಕಕ್ಕೆ ಪ್ರವೇಶಿಸುವಾಗ ಮದುವೆಗೆ 2 ವರ್ಷ ತುಂಬಿರದಿದ್ದರೆ ಸಿಗುವುದು 2 ವರ್ಷದ ಷರತ್ತಿನ ಕಾರ್ಡ್. ಅದರ ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ ಐ-751 ಸಲ್ಲಿಸಲು ಮರೆಯಬೇಡಿ.