ಸೋವಿ ಕಾಲವೆಲ್ಲ ಸುಖದ ಕಾಲವೇ?

"ಆಗ ಎಲ್ಲಾ ಸೋವಿ ಇತ್ತು, ಈಗ ಏನ್ ಮುಟ್ಟಿದರೂ ತುಟ್ಟಿ" ಎಂಬ ಮಾತು ನಮ್ಮ ಭಾಗದ ಹಿರಿಯರ ಬಾಯಲ್ಲಿ ಸದಾ ಇರುತ್ತದೆ. ಮಾತು ಸುಳ್ಳಲ್ಲ. ಆದರೆ ಸೋವಿ ಕಾಲವೆಲ್ಲ ಸುಖದ ಕಾಲವಾಗಿತ್ತೆಂದು ತಿಳಿಯಬಾರದು. ಸಂಘದ ರಜತ ಮಹೋತ್ಸವದ ಈ ಶುಭ ಸಂದರ್ಭದಲ್ಲಿ, ಸಾಲ ಮತ್ತು ಠೇವಿನ ವ್ಯವಹಾರ ಮಾಡುವ ನಾವೆಲ್ಲ ಆ ಇತಿಹಾಸವನ್ನು ತಿಳಿದಿರುವುದು ಅವಶ್ಯ.

ಪೇಟೆಯೊಳಗಿನ ಮಾಲಿಗಿಂತ ಹಣ ಹೆಚ್ಚಾಗಿ, ಇಲ್ಲವೆ ಮಾಲೇ ಕಡಿಮೆ ಬಿದ್ದು, ಎಲ್ಲ ಧಾರಣಿಗಳೂ ಏರುತ್ತ ಹೋದರೆ ಅದು ಹಣದುಬ್ಬರ. ಹಣದ ಓಡಾಟ ಕುಗ್ಗಿ, ಕೊಳ್ಳುವವರು ಹಿಂದೆ ಸರಿದು, ಎಲ್ಲ ಧಾರಣಿಗಳೂ ಇಳಿಯುತ್ತ ಹೋದರೆ ಅದು ಹಣದಿಳಿತ. ಒಂದು ಸಂತೆಯಲ್ಲಿ ಉಳ್ಳಾಗಡ್ಡಿ ಧಾರಣಿ ಬಿದ್ದರೆ ಅದು ಹಣದಿಳಿತವಲ್ಲ. ಜೋಳ, ಹತ್ತಿ, ಶೇಂಗಾ, ಕೂಲಿ, ಹೊಲದ ಬೆಲೆ ಎಲ್ಲವೂ ಕೂಡಿಯೇ ಇಳಿಯಬೇಕು.

ಅಂಥ ಕಾಲ ಬಂದದ್ದು 1929ರ ನಂತರ. ಆಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಇಂದು ಸ್ವತಂತ್ರ ತಾಲೂಕಾಗಿರುವ ಮೂಡಲಗಿ ಗೋಕಾಕ ತಾಲೂಕಿನೊಳಗಿತ್ತು. ಗೋಕಾಕ ಫಾಲ್ಸಿನಲ್ಲಿ ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿ ಆಗಲೇ ಹಳೆಯದಾಗಿತ್ತು. ಈ ನಾಡಿನ ಹತ್ತಿಯ ಧಾರಣಿ ನಿಲ್ಲುತ್ತಿದ್ದುದು ಮುಂಬಯಿ ಪೇಟೆಯಲ್ಲಿ, ಮುಂಬಯಿಯದು ಪರದೇಶದ ಪೇಟೆಯಲ್ಲಿ. ಹೀಗಾಗಿ ನ್ಯೂಯಾರ್ಕಿನ ಶೇರು ಪೇಟೆ ಮುರಿದ ಪೆಟ್ಟು ಘಟಪ್ರಭೆಯ ದಂಡೆಗೂ ಬಂದು ತಟ್ಟಿತು.

ಅದರ ಮೇಲೆ ಸರಕಾರದ ಧೋರಣೆಯೊಂದು. 1927ರಲ್ಲಿ ರೂಪಾಯಿಯ ಬೆಲೆಯನ್ನು 1 ಶಿಲಿಂಗ್ 6 ಪೆನ್ಸಿಗೆ ಕಟ್ಟಿಹಾಕಿದ್ದರು. 1 ಶಿಲಿಂಗ್ 4 ಪೆನ್ಸ್ ಸಾಕೆಂದು ನಮ್ಮವರು ಎಷ್ಟು ಹೇಳಿದರೂ ಕೇಳಲಿಲ್ಲ. ಆ ದರ ಉಳಿಸಿಕೊಳ್ಳಲು ಚಲಾವಣೆಯ ಹಣವನ್ನೇ ಕುಗ್ಗಿಸಿದರು. 1929ರಿಂದ 1933ರೊಳಗೆ ಭಾರತದ ಸಗಟು ಬೆಲೆಗಳು ಸುಮಾರು ಶೇ. 40ರಷ್ಟು ಇಳಿದವು.

ಧಾರಣಿ ಇಳಿದರೂ ಸಾಲ ಇಳಿಯಲಿಲ್ಲ, 30 ವರ್ಷಕ್ಕೊಮ್ಮೆ ನಿಗದಿಯಾಗುವ ಸರಕಾರಿ ಸಾರಾ ಕೂಡ ತಾನಾಗಿ ಇಳಿಯುವಂಥದಲ್ಲ. ಒಂದು ಲೆಕ್ಕ ಹಿಡಿಯೋಣ. ಚೀಲಕ್ಕೆ 10 ರೂ. ಇದ್ದಾಗ 100 ರೂ. ಸಾಲ ತಗೊಂಡವನು 10 ಚೀಲ ಮಾರಿ ತೀರಿಸಬಹುದು. ಧಾರಣಿ 5 ರೂ.ಗೆ ಬಿದ್ದರೆ ಅದೇ ಸಾಲಕ್ಕೆ 20 ಚೀಲ ಬೇಕು. ಬಡ್ಡಿ ಬೇರೆ. ಕಾಗದದ ಮೇಲೆ ಒಂದು ಪೈಸೆ ಏರಿಲ್ಲ, ಆದರೆ ರೈತನ ಬೆನ್ನ ಮೇಲೆ ಸಾಲ ಇಮ್ಮಡಿ! ಹೊಲ ಮಾರೋಣವೆಂದರೆ ಹೊಲದ ಬೆಲೆಯೂ ಬಿದ್ದಿತ್ತು. ಕೂಲಿಯವನಿಗೆ ಜೋಳ ಸೋವಿ ಸಿಕ್ಕೀತು, ಕೆಲಸ ಸಿಗಬೇಕಲ್ಲ?

ಕಡೆಗೆ ಮನೆಯ ಬಂಗಾರ ಹೊರಬಿತ್ತು. 1931ರ ಸಪ್ಟೆಂಬರದ ನಂತರ ಬಂಗಾರದ ಬೆಲೆ ಏರಿದಾಗ ಹಳ್ಳಿಯ ಹೆಣ್ಣುಮಕ್ಕಳ ಒಡವೆಗಳು ಕರಗಿ ಮುಂಬಯಿ ಬಂದರದಿಂದ ಹಡಗೇರಿದವು. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಹುಟ್ಟುಹಾಕಿದ ಸಹಕಾರಿ ಚಳವಳಿಗೂ ಇದು ದೊಡ್ಡ ಪರೀಕ್ಷೆಯಾಯಿತು. ಪ್ರಾಂತದ ಸಂಘಗಳಲ್ಲಿ ಬಾಕಿ ಬೆಳೆಯಿತು, ಎಷ್ಟೋ ಸಂಘಗಳು ಮುಚ್ಚಿದವು. ಸಾಲದ ಹೊರೆ ಇಳಿಸಲು 1939ರಲ್ಲಿ ಮುಂಬಯಿ ಸರಕಾರ ಕೃಷಿ ಸಾಲಗಾರರ ಪರಿಹಾರ ಕಾಯ್ದೆ ಮಾಡಬೇಕಾಯಿತು.

ಅದೇ 1939ರಲ್ಲಿ ಎರಡನೇ ಮಹಾಯುದ್ಧ ಸುರುವಾಗಿ ಗಾಲಿ ತಿರುಗಿತು. ಯುದ್ಧದ ಖರ್ಚಿಗೆ ನೋಟು ಅಚ್ಚಾದವು, ಮಾಲು ಸೈನ್ಯಕ್ಕೆ ಹೋಯಿತು, ಧಾರಣಿ ಎರಡು ಪಟ್ಟು ಮೀರಿ ಏರಿತು. ಮಾರಲು ಕಾಳು ಉಳ್ಳ ರೈತ ಹಳೆಯ ಸಾಲ ಹರಿದುಕೊಂಡ. ಗಿರಣಿ, ಕಚೇರಿಯವರಿಗೆ ತುಟ್ಟಿಭತ್ಯೆ ಬಂತು. ಆದರೆ ಕೊಂಡು ತಿನ್ನುವ ಕೂಲಿಯವನಿಗೆ, ನೇಕಾರನಿಗೆ ಯಾವ ಭತ್ಯೆ? 1943ರಲ್ಲಿ ಬಂಗಾಲದಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತದ್ದಕ್ಕೆ ಅಕ್ಕಿಯ ಬೆಲೆ ಏರಿದ್ದೂ ಒಂದು ಕಾರಣ.

ಆದ್ದರಿಂದ ಎರಡೂ ಕೇಡೇ, ಕೇಡು ತಟ್ಟುವ ಮನೆ ಮಾತ್ರ ಬೇರೆ. ಹಣದುಬ್ಬರ ಠೇವು ಇಟ್ಟವನ ಗಂಟು ತಿನ್ನುತ್ತದೆ, ಹಣದಿಳಿತ ಸಾಲ ಪಡೆದವನ ಹೊಲ ತಿನ್ನುತ್ತದೆ. 2016ರಲ್ಲಿ ಸರಕಾರ ರಿಜರ್ವ ಬ್ಯಾಂಕಿಗೆ ಬೆಲೆಯೇರಿಕೆಯ ಗುರಿ ಗೊತ್ತುಮಾಡಿದಾಗ ಸೊನ್ನೆ ಎನ್ನದೆ ಶೇ. 4 ಎಂದದ್ದಕ್ಕೆ ಈ ಇಳಿತದ ಭಯವೂ ಒಂದು ಕಾರಣ.

ಸಹಕಾರಿ ಸಂಘದಲ್ಲಿ ಠೇವಿನವನೂ ನಮ್ಮವನೇ, ಸಾಲದವನೂ ನಮ್ಮವನೇ. ಹಿಡಕಲ್ಲಿನ ನೀರು ಬಂದ ಮೇಲೆ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಕಬ್ಬು ಬೆಳೆದಿದೆ, ಸಾಲವೂ ಬೆಳೆದಿದೆ. ಧಾರಣಿ ಏರಿದ ವರ್ಷದ ಲೆಕ್ಕ ಹಿಡಿದು ಸಾಲ ಕೊಡುವುದೂ ಬೇಡ, ತಗೊಳ್ಳುವುದೂ ಬೇಡ. ಧಾರಣಿ ಬಿದ್ದ ವರ್ಷ ತೀರಿಸಲು ಆದೀತೇ ಎಂದು ಕೇಳಿಕೊಳ್ಳೋಣ. ಒಳ್ಳೆಯ ವರ್ಷದಲ್ಲಿ ಕಾಯ್ದಿಟ್ಟ ನಿಧಿ ಬಲಪಡಿಸೋಣ, ಒಂದೇ ಬೆಳೆಗೆ ಜೋತು ಬೀಳದಿರೋಣ. ಈ ಎಚ್ಚರ ಇದ್ದರೆ ತುಟ್ಟಿ ಕಾಲವನ್ನೂ ಸೋವಿ ಕಾಲವನ್ನೂ ಸಂಘ ದಾಟೀತು.