ಶುಲ್ಕದ ಏರಿಳಿತ ಮತ್ತು ಪಣ

ಅನೇಕ ಗಣಕಯಂತ್ರಗಳು ಒಟ್ಟಾಗಿ ನಿರ್ವಹಿಸುವ ಲೆಕ್ಕದ ಪುಸ್ತಕವೇ ಬ್ಲಾಕ್‌ಚೈನ್. 2015ರಲ್ಲಿ ಆರಂಭವಾದ ಇಥೀರಿಯಂ ಎಂಬ ಇಂತಹ ಪುಸ್ತಕದಲ್ಲಿ ಪ್ರತಿ ವ್ಯವಹಾರಕ್ಕೂ ‘ಗ್ಯಾಸ್’ ಎಂಬ ಶುಲ್ಕವುಂಟು. 2017ರ ಡಿಸೆಂಬರಿನಲ್ಲಿ ಕ್ರಿಪ್ಟೋಕಿಟ್ಟೀಸ್ ಎಂಬ ಬೆಕ್ಕಿನ ಆಟಕ್ಕೆ ಜನ ಮುಗಿಬಿದ್ದಾಗ ಆ ಶುಲ್ಕ ಏರಿತು.

2018ರ ಜುಲೈಯಲ್ಲಿ ಇಥೀರಿಯಂ ಮೇಲೆಯೇ ಆಗರ್ ಎಂಬ ಭವಿಷ್ಯಸೂಚಕ ಮಾರುಕಟ್ಟೆ ತೆರೆಯಿತು. ಇಂತಹ ಮಾರುಕಟ್ಟೆಯಲ್ಲಿ ‘ಶುಲ್ಕವು ಇಂತಿಷ್ಟನ್ನು ಮೀರುವುದು’ ಎಂದು ಪಣವೊಡ್ಡಿದವನಿಗೆ, ಮಾತು ನಿಜವಾದರೆ ನಿಗದಿತ ಹಣ ದೊರೆಯುವುದು. ಸುಳ್ಳಾದರೆ ಪಣ ನಷ್ಟ. ಶುಲ್ಕ ತೆರಲೇಬೇಕಾದ ವರ್ತಕನಿಗೆ ಆ ಹಣ ಏರಿದ ವೆಚ್ಚವನ್ನು ತುಂಬಿಕೊಡಬಲ್ಲದು. ಆದರೆ ಆಗರ್‌ನಲ್ಲಿ ಪಣವೊಡ್ಡಲೂ ಗ್ಯಾಸ್ ತೆರಬೇಕಿತ್ತು.

ತೆರಬೇಕಾದ ಶುಲ್ಕವೇ ಇಲ್ಲದವನು ಅದೇ ಪಣವೊಡ್ಡಿದರೆ ಅದು ದ್ಯೂತವೇ ಸರಿ. ಆದ್ದರಿಂದ ತನ್ನ ನಿಜವಾದ ವೆಚ್ಚವನ್ನು ಮೊದಲು ಲೆಕ್ಕಹಾಕಿ, ಪಣವು ಅದನ್ನು ಮೀರದಂತೆ ನೋಡಿಕೊಳ್ಳುವುದು ವರ್ತಕನ ಧರ್ಮ.